ಒಂಬತ್ತನೇ ನಂಬರಿನ ಅಂಗಿ

ಹೋದ ತಿಂಗಳು ಸಂಘದ ಮಕ್ಕಳ ಫುಟ್‌ಬಾಲ್ ತಂಡಕ್ಕೆ ಅಂಗಿ ಆರ್ಡರ್ ಮಾಡುವಾಗ ಸಣ್ಣ ರಾದ್ಧಾಂತವೇ ನಡೆಯಿತು. ಹನ್ನೊಂದು ಮಕ್ಕಳಲ್ಲಿ ಐದು ಜನಕ್ಕೆ 10 ಬೇಕು, ನಾಲ್ವರಿಗೆ 7. ವಾಟ್ಸಾಪ್ ಗುಂಪಿನಲ್ಲಿ ಅಪ್ಪ ಅಮ್ಮಂದಿರ ಪಂಚಾಯಿತಿ ರಾತ್ರಿ ಹನ್ನೊಂದರವರೆಗೂ ಮುಗಿಯಲಿಲ್ಲ. 9 ಮಾತ್ರ ಯಾರಿಗೂ ಬೇಡ. ಕೊನೆಗೆ ಮೆಸೇಜು ತಡವಾಗಿ ನೋಡಿದ ಮನೆಯ ಹುಡುಗನಿಗೆ ಅದು ಗಂಟುಬಿತ್ತು. ಪಾಪ, ಮುಖ ಊದಿಸಿಕೊಂಡೇ ಪ್ರಾಕ್ಟೀಸಿಗೆ ಬಂದ.

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ, ಮರ್ಸಿ ನದಿಯ ದಡದಲ್ಲಿ ವಾಸ ಮಾಡಿಕೊಂಡು 9 ಬೇಡ ಅನ್ನೋದಾ? ಬೆನ್ನಿಗೆ 9 ಹಾಕಿ ಆಡಿದ ಡೀನ್ ಎಂಬ ಇಲ್ಲಿನ ಆಟಗಾರನ ಕತೆ ಹೇಳುವ ಈ ಪುಟ ಆ ಹುಡುಗನಿಗೆ. ಅವನಿಗೆ ಕನ್ನಡ ಓದಲು ಇನ್ನೂ ತಡವರಿಕೆ, ಅಜ್ಜಿ ಓದಿ ಹೇಳಲಿ.

ನದಿಯ ಆಚೆ ದಡದ ಬರ್ಕನ್‌ಹೆಡ್‌ನಲ್ಲಿ 1907ರ ಜನವರಿ 22ರಂದು ವಿಲಿಯಂ ರಾಲ್ಫ್ ಡೀನ್ ಹುಟ್ಟಿದ. ಅಪ್ಪ ರೈಲ್ವೆಯಲ್ಲಿದ್ದರು. ಹುಡುಗನೂ ರೈಲ್ವೆಯಲ್ಲೇ ಫಿಟ್ಟರ್ ಕೆಲಸ ಕಲಿಯಲು ಸೇರಿದ. ಬೇರೆಯವರು ಬೇಡ ಅನ್ನುವ ರಾತ್ರಿ ಪಾಳಿಯನ್ನು ತಾನಾಗಿ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಹಗಲು ಫುಟ್‌ಬಾಲಿಗೆ ಬೇಕಿತ್ತಲ್ಲ! ಊರಿನ ಟ್ರಾನ್‌ಮಿಯರ್ ರೋವರ್ಸ್ ತಂಡದಲ್ಲಿ ಲೀಗಿನ 30 ಆಟಕ್ಕೆ 27 ಗೋಲು ಹೊಡೆದ. 1925ರ ಮಾರ್ಚಿನಲ್ಲಿ ಲಿವರ್‌ಪೂಲಿನ ಎವರ್ಟನ್ ಕ್ಲಬ್ಬು 3,000 ಪೌಂಡ್ ಕೊಟ್ಟು ನದಿ ದಾಟಿಸಿತು. ಆಗ ವಯಸ್ಸು 18. ಜನ ಕರೆದದ್ದು ‘ಡಿಕ್ಸಿ’ ಅಂತ. ಅವರಿಗೆ ಆ ಹೆಸರು ಹಿಡಿಸುತ್ತಿರಲಿಲ್ಲ, ಬಿಲ್ ಅನ್ನಿ ಸಾಕು ಅನ್ನುತ್ತಿದ್ದರು. ನಾನು ಡೀನ್ ಅಂತಲೇ ಬರೆಯುತ್ತೇನೆ.

1926ರ ಬೇಸಿಗೆಯಲ್ಲಿ ವೇಲ್ಸ್ ಕಡೆ ಮೋಟಾರ್‌ಸೈಕಲ್ ಅಪಘಾತವಾಯಿತು. ತಲೆಬುರುಡೆ ಬಿರುಕು ಬಿಟ್ಟಿತ್ತು, ದವಡೆ ಮುರಿದಿತ್ತು. ಇನ್ನು ಆಟ ಮುಗೀತು ಅಂದುಕೊಂಡವರೇ ಜಾಸ್ತಿ. ಅದೇ ವರ್ಷ ಮತ್ತೆ ಮೈದಾನಕ್ಕೆ ಇಳಿದು, ಅದೇ ತಲೆಯಿಂದ ಗೋಲು ಹೊಡೆದರು. ತಲೆಯೊಳಗೆ ಲೋಹದ ತಗಡು ಕೂರಿಸಿದ್ದಾರೆ, ಅದಕ್ಕೇ ಹೆಡ್ಡರ್ ಅಷ್ಟು ಜೋರು ಅಂತ ಊರೆಲ್ಲ ಸುದ್ದಿಯಂತೆ. ಆಗಿನ ಚೆಂಡು ಲೇಸು ಹಾಕಿ ಬಿಗಿದ ಚರ್ಮದ್ದು. ಮಳೆಯಲ್ಲಿ ನೀರು ಕುಡಿದು ಕಲ್ಲಿನ ಹಾಗೆ ಭಾರವಾಗುತ್ತಿತ್ತು. ಲೇಸಿನ ಕಡೆ ಹಣೆಗೆ ಬಡಿದರೆ ಚರ್ಮ ಕಿತ್ತು ಬರುತ್ತಿತ್ತು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋದರೆ ಅನ್ಯಾಯ. ಎದುರಾಳಿಗಳ ಗೋಲಿನ ಹತ್ತಿರ ಮೊದಲೇ ಹೋಗಿ ಚೆಂಡಿಗೆ ಕಾಯುವುದನ್ನು ತಡೆಯುವ ಆಫ್‌ಸೈಡ್ ನಿಯಮ 1925ರಲ್ಲಿ ಬದಲಾಯಿತು. ಅಲ್ಲಿಯವರೆಗೆ ಮುಂದಿನ ಆಟಗಾರನಿಗೂ ಗೋಲಿನ ಗೆರೆಗೂ ಮಧ್ಯೆ ಎದುರಾಳಿಗಳು ಮೂವರಿರಬೇಕಿತ್ತು, ಆಮೇಲೆ ಇಬ್ಬರಿದ್ದರೆ ಸಾಕು. ಒಂದೇ ವರ್ಷದಲ್ಲಿ ಲೀಗಿನ ಎಲ್ಲಕ್ಕಿಂತ ಮೇಲಿನ ದರ್ಜೆಯಾಗಿದ್ದ ಮೊದಲ ಡಿವಿಷನ್ನಿನ ಗೋಲುಗಳು 1,192ರಿಂದ 1,703ಕ್ಕೆ ಹಾರಿದವು. ಡೀನ್ ಬಂದದ್ದು ಸರಿಯಾದ ಗಳಿಗೆಯಲ್ಲಿ. ಆದರೆ ಗಳಿಗೆ ಎಲ್ಲರಿಗೂ ಒಂದೇ ಆಗಿತ್ತು, ಅಲ್ವಾ?

ಈಗ 1928ರ ಮೇ 5. ಹಿಂದಿನ ವರ್ಷ ಮಿಡ್ಲ್ಸ್‌ಬರೊ ತಂಡದ ಜಾರ್ಜ್ ಕ್ಯಾಮ್ಸೆಲ್ ಎರಡನೇ ಡಿವಿಷನ್ನಿನಲ್ಲಿ ಒಂದೇ ಋತುವಿಗೆ 59 ಗೋಲು ಹೊಡೆದು ದಾಖಲೆ ಮಾಡಿದ್ದರು. ಡೀನ್ ಹಿಂದಿನ ಶನಿವಾರವಷ್ಟೇ ಬರ್ನ್ಲಿ ಮೇಲೆ ನಾಲ್ಕು ಹೊಡೆದು 57ಕ್ಕೆ ಬಂದು ನಿಂತಿದ್ದರು. ಉಳಿದದ್ದು ಒಂದೇ ಆಟ, ಎದುರಿಗೆ ಆರ್ಸೆನಲ್. ಎವರ್ಟನ್‌ಗೆ ಲೀಗು ಆಗಲೇ ಕೈಸೇರಿತ್ತು. ಎವರ್ಟನ್‌ನ ಆಗಿನ ಮೈದಾನ ಗುಡಿಸನ್ ಪಾರ್ಕಿಗೆ ಬಂದ ಜನ ನೋಡಬೇಕಿದ್ದದ್ದು ಒಬ್ಬನನ್ನೇ. ಆರ್ಸೆನಲ್ ಮೊದಲ ಗೋಲು ಹೊಡೆಯಿತು. ಡೀನ್ ಸಮ ಮಾಡಿದರು. ಆಮೇಲೆ ಪೆನಾಲ್ಟಿ ಸಿಕ್ಕಿತು, ಅದನ್ನೂ ಒಳಗೆ ಹಾಕಿದರು. 59 ಆಯಿತು. ಅಷ್ಟರಲ್ಲಿ ಎವರ್ಟನ್ ಆಟಗಾರನೇ ತನ್ನ ಗೋಲಿಗೆ ಚೆಂಡು ತಳ್ಳಿ ಮತ್ತೆ ಸಮ. ಆಟ ಮುಗಿಯಲು ಇನ್ನು ಕೆಲವೇ ನಿಮಿಷ. ಎಡಗಡೆಯಿಂದ ಅಲೆಕ್ ಟ್ರೂಪ್ ಕಾರ್ನರ್ ಒದ್ದರು. ಟ್ರೂಪ್ ಗಿಡ್ಡ ಆಸಾಮಿ, ಆದರೆ ಚೆಂಡನ್ನು ಡೀನ್ ತಲೆ ಎಲ್ಲಿರುತ್ತದೋ ಅಲ್ಲಿಗೇ ಕಳಿಸುವ ಕಲೆ ಗೊತ್ತಿತ್ತು. ಗುಂಪಿನಿಂದ ಒಂದು ತಲೆ ಮೇಲೆದ್ದಿತು. 39 ಆಟ, 60 ಗೋಲು. ಕೊನೆಗೆ ಆರ್ಸೆನಲ್ ಇನ್ನೊಂದು ಹೊಡೆದು 3–3 ಮಾಡಿತು, ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಇಂಗ್ಲೆಂಡಿನ ಮೇಲಿನ ಲೀಗಿನಲ್ಲಿ ಆ 60 ಇವತ್ತಿಗೂ ಹಾಗೇ ಇದೆ.

ಇಷ್ಟಕ್ಕೆ ಸಂಬಳ ಎಷ್ಟು? ವಾರಕ್ಕೆ 8 ಪೌಂಡ್, ಬೇಸಿಗೆ ರಜೆಯಲ್ಲಿ 6. ಗೆದ್ದರೆ ಎರಡು ಪೌಂಡ್ ಮೇಲುಡುಗೊರೆ. ಇದು ಕ್ಲಬ್ಬಿನ ಜುಗ್ಗತನವಲ್ಲ, ಲೀಗ್ ಹಾಕಿದ ಮಿತಿ. 1961ರವರೆಗೂ ಸಂಬಳಕ್ಕೆ ಮಿತಿ ಇದ್ದೇ ಇತ್ತು. ಕಾರ್ಖಾನೆ ಕೆಲಸದವರಿಗಿಂತ ಚೆನ್ನಾಗಿಯೇ ಸಿಗುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಕರಾರು ಮುಗಿದ ಮೇಲೂ ಕ್ಲಬ್ಬು ಬಿಟ್ಟುಕೊಡದೆ ಬೇರೆ ಕಡೆ ಆಡುವಂತಿಲ್ಲ. ನಮ್ಮಲ್ಲಿ ಕೆಲಸ ಕೊಟ್ಟ ಕಂಪನಿಗೇ ಕಟ್ಟಿಹಾಕುವ ಸ್ಪಾನ್ಸರ್ ವೀಸಾದ ಮೇಲೆ ಬಂದವರಿಗೆ ಇದರ ಬಿಸಿ ಸ್ವಲ್ಪ ಗೊತ್ತು. ನಮಗೆ ಕಡೇಪಕ್ಷ ಕೆಲಸ ಹೋದರೆ ಇನ್ನೊಂದು ಹುಡುಕಲು ಅರವತ್ತು ದಿನವಾದರೂ ಸಿಗುತ್ತಿತ್ತು.

ಎವರ್ಟನ್ 1930ರಲ್ಲಿ ಕೆಳಗಿನ ಡಿವಿಷನ್ನಿಗೆ ಬಿತ್ತು. ಮರುವರ್ಷವೇ ಎದ್ದು ಬಂದು 1932ರಲ್ಲಿ ಲೀಗ್ ಗೆದ್ದಿತು. 1933ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡಿನ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್ ಫೈನಲ್. ನಮ್ಮ ಹುಡುಗನಿಗೆ ಬೇಕಾದದ್ದು ಇಲ್ಲಿದೆ. ಕಪ್ ಫೈನಲಿನಲ್ಲಿ ಆಟಗಾರರ ಬೆನ್ನಿಗೆ ನಂಬರು ಬಂದದ್ದು ಅದೇ ಮೊದಲು. ಎವರ್ಟನ್‌ಗೆ 1ರಿಂದ 11, ಮ್ಯಾಂಚೆಸ್ಟರ್ ಸಿಟಿಗೆ 12ರಿಂದ 22. ಎವರ್ಟನ್ 3–0 ಗೆದ್ದಿತು. ನಾಯಕ ಡೀನ್, ಒಂದು ಗೋಲು ಅವರದ್ದು, ಬೆನ್ನ ಮೇಲೆ 9.

ನನಗೆ ಆ 60ಕ್ಕಿಂತ ಇಷ್ಟವಾಗುವ ಸಂಗತಿ ಬೇರೆ. 1936ರ ಕೊನೆಗೆ ಕ್ಲಬ್ಬು ಟಾಮಿ ಲಾಟನ್ ಎಂಬ 17ರ ಹುಡುಗನನ್ನು ಕೊಂಡು ತಂದಿತು. ಯಾರ ಜಾಗಕ್ಕೆ ಅಂತ ಯಾರೂ ಬಾಯಿ ಬಿಟ್ಟು ಹೇಳಬೇಕಿರಲಿಲ್ಲ. ಡೀನ್ ತಾವೇ ಹುಡುಗನ ಹೆಗಲ ಮೇಲೆ ಕೈ ಹಾಕಿ, ನೀನು ಬಂದಿರುವುದು ನನ್ನ ಜಾಗಕ್ಕೆ ಅಂತ ಗೊತ್ತು, ನನ್ನಿಂದ ಆಗುವ ಸಹಾಯ ಮಾಡುತ್ತೇನೆ ಅಂದರಂತೆ. ಇದನ್ನು ಹೇಳಿಕೊಂಡದ್ದು ಲಾಟನ್ನೇ. ಹೆಡ್ಡರ್ ಹೇಳಿಕೊಟ್ಟದ್ದೂ ಡೀನ್. ಅಂಥ ಜಾಗದಲ್ಲಿ ನಾನಿದ್ದರೆ ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೂಡ ಹೇಳುತ್ತಿರಲಿಲ್ಲ.

1938ರಲ್ಲಿ ಎವರ್ಟನ್ ಅವರನ್ನು ನಾಟ್ಸ್ ಕೌಂಟಿಗೆ ಮಾರಿತು. ಎವರ್ಟನ್‌ಗಾಗಿ ಆಡಿದ್ದು 433 ಆಟ, ಹೊಡೆದದ್ದು 383 ಗೋಲು. ಇಂಗ್ಲೆಂಡಿಗೆ 16 ಆಟದಲ್ಲಿ 18. ನಾಟ್ಸ್ ಕೌಂಟಿಯಿಂದ ಐರ್ಲೆಂಡಿನ ಸ್ಲೈಗೋ ರೋವರ್ಸ್, ಆಮೇಲೆ ಯುದ್ಧ. ಯುದ್ಧ ಮುಗಿದ ಮೇಲೆ ಚೆಸ್ಟರಿನಲ್ಲಿ ಪಬ್ ನಡೆಸಿದರು, ಫುಟ್‌ಬಾಲ್ ಫಲಿತಾಂಶದ ಮೇಲೆ ಬಾಜಿ ನಡೆಸುತ್ತಿದ್ದ ಲಿಟ್ಲ್‌ವುಡ್ಸ್ ಪೂಲ್ಸ್ ಕಂಪನಿಯಲ್ಲಿ ಪೋರ್ಟರ್ ಆಗಿದ್ದರು. 1976ರಲ್ಲಿ ಬಲಗಾಲು ಕತ್ತರಿಸಬೇಕಾಯಿತು. 1980ರ ಮಾರ್ಚ್ 1ರಂದು ಗುಡಿಸನ್ ಪಾರ್ಕಿನಲ್ಲಿ ಲಿವರ್‌ಪೂಲ್ ವಿರುದ್ಧದ ಆಟ ನೋಡಲು ಹೋದವರು ಅಲ್ಲೇ ತೀರಿಕೊಂಡರು. 73 ವರ್ಷ.

ಸ್ಲೈಗೋದ್ದು ಒಂದು ಮಾತು ಬಿಟ್ಟುಹೋಯಿತು. 1939ರಲ್ಲಿ ಆ ತಂಡ ಐರ್ಲೆಂಡಿನ ಎಫ್‌ಎಐ ಕಪ್ಪಿನ ಫೈನಲಿನಲ್ಲಿ ಸೋತಿತು. ಡೀನ್‌ಗೆ ಸಿಕ್ಕ ಸೋತವರ ಪದಕವನ್ನು ಯಾರೋ ಕದ್ದರು. 1978ರಲ್ಲಿ ಸ್ಲೈಗೋ ಮತ್ತೆ ಫೈನಲ್ ತಲುಪಿದಾಗ ನೋಡಲು ಹೋಗಿ ಹೋಟೆಲಿನಲ್ಲಿ ಉಳಿದಿದ್ದರು. ಕೋಣೆಗೆ ಒಂದು ಪೊಟ್ಟಣ ಬಂತಂತೆ. ಬಿಚ್ಚಿ ನೋಡಿದರೆ ಒಳಗೆ ಅದೇ ಪದಕ, ಮೂವತ್ತೊಂಬತ್ತು ವರ್ಷದ ಮೇಲೆ.