ಅಷ್ಟೂರಿನ ದಾರಿಯಲ್ಲಿ ಸಿಕ್ಕ ಅಣ್ಣನಿಗೆ

ಐದು ತಿಂಗಳು ಊರೂರು ತಿರುಗಿ ಬೀದರಿಗೆ ಮರಳಿದ ಮೇಲೆ, ಹೆಂಡತಿ ಜೊತೆ ಮೊದಲು ಹೊರಟಿದ್ದು ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೆ. ಮೇ ತಿಂಗಳ ಬಿಸಿಲು. ದಾರಿಯಲ್ಲಿನ ಚೌಖಂಡಿ ಗೋರಿ ದಾಟುತ್ತಿದ್ದಂತೆ ಸ್ಕೂಟರ್ ಪಂಕ್ಚರ್.

ಅಣ್ಣಾ, ನೀವು ಬೈಕ್ ನಿಲ್ಲಿಸಿದಿರಿ. ಒದ್ದೆ ಬಟ್ಟೆ ಸುತ್ತಿದ ಬಾಟಲಿಯಿಂದ ಮೊದಲು ಅವಳಿಗೆ ನೀರು ಕೊಟ್ಟಿರಿ. ಆಮೇಲೆ ಊರಿಗೆ ಹೋಗಿ ಪಂಕ್ಚರ್ ಹಾಕುವವರನ್ನೇ ಹಿಂದೆ ಕೂರಿಸಿಕೊಂಡು ಬಂದಿರಿ. ದುಡ್ಡು ಕೊಡಲು ಹೋದರೆ, 'ಬಿಡ್ರಿ, ಬಿಸಿಲಿರೋದ್ರಾಗ ಗುಮ್ಮಟ ನೋಡ್ರಿ' ಅಂದು ಹೊರಟೇಬಿಟ್ಟಿರಿ.

ನೋಡಿದೆವು. 1436ರಲ್ಲಿ ತೀರಿಕೊಂಡ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಯೊಳಗೆ ಮಬ್ಬುಗತ್ತಲು. ಅಲ್ಲಿದ್ದ ಹಿರಿಯರು ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿದರು. ಗುಮ್ಮಟದ ಕೆಂಪು, ಚಿನ್ನದ ಬಣ್ಣ ಒಮ್ಮೆಲೇ ಹೊಳೆಯಿತು. ಅವಳು ನನ್ನ ಕೈ ಹಿಡಿದು ಸುಮ್ನೆ ನಿಂತುಬಿಟ್ಟಳು. ಎಷ್ಟು ದಿನವಾಗಿತ್ತು ಹೀಗೆ ಜೊತೆಗೆ ನಿಂತು!

ನಿಮ್ಮ ಹೆಸರು ಕೇಳುವುದಕ್ಕೂ ಆಗಲಿಲ್ಲ. ಇಬ್ಬರ ಕಡೆಯಿಂದಲೂ ಥ್ಯಾಂಕ್ಸ್ ಅಣ್ಣಾ. ಈ ಭಾನುವಾರ ನರಸಿಂಹ ಝರಣಿ ಗುಹಾ ದೇವಾಲಯಕ್ಕೆ ಹೊರಟಿದ್ದೇವೆ.