ಟೇಕಾಫ್ ವೇಳೆ ಆಸನ ಜಾರಿದ್ದನ್ನು ಮರೆಮಾಚಿ ವಿದ್ಯಾರ್ಥಿನಿಯ ಮೇಲೆ ತಪ್ಪು ಹೊರಿಸಿದ ಕುರಿತು ದೂರು

ಇವರಿಂದ: ನಿಮ್ಮ ಸಂಸ್ಥೆಯ ಪೈಲಟ್ ತರಬೇತಿ ವಿದ್ಯಾರ್ಥಿನಿ, ನವನಗರ, ಬಾಗಲಕೋಟೆ

ಇವರಿಗೆ: ಮುಖ್ಯ ಹಾರಾಟ ಬೋಧಕರು, ವಿಮಾನ ಹಾರಾಟ ತರಬೇತಿ ಸಂಸ್ಥೆ

ಮಾನ್ಯರೇ,

ಕಳೆದ ತಿಂಗಳು ಬೋಧಕರೊಂದಿಗೆ ಸೆಸ್ನಾ 172 ವಿಮಾನವನ್ನು ಟೇಕಾಫ್ ಮಾಡುತ್ತಿದ್ದಾಗ ಅದು ಹತೋಟಿ ತಪ್ಪಿ ರನ್‌ವೇಯ ಎಡಬದಿಯ ಹುಲ್ಲಿಗೆ ಇಳಿದದ್ದಕ್ಕೆ, ನಾನು ಯೋಕನ್ನು (ವಿಮಾನದ ಮೂತಿಯನ್ನು ಏರಿಸಿ ಇಳಿಸುವ ಹಿಡಿಕೆಯನ್ನು) ಅತಿಯಾಗಿ ಎಳೆದದ್ದೇ ಕಾರಣವೆಂದು ನನ್ನ ತರಬೇತಿ ದಾಖಲೆಯಲ್ಲಿ ಬರೆಯಲಾಗಿದೆ. ಯೋಕ್ ಹಿಂದಕ್ಕೆ ಬಂದದ್ದು ನಿಜ. ಅದು ಏಕೆ ಬಂತೆಂಬುದನ್ನು ಮಾತ್ರ ಬರೆದಿಲ್ಲ.

ಪೂರ್ಣ ಥ್ರಾಟಲ್ ಕೊಟ್ಟು, ಮೂತಿ ಎತ್ತಬೇಕಾದ 55 ನಾಟ್ ವೇಗವನ್ನು ಸಮೀಪಿಸುತ್ತಿದ್ದಂತೆ ನನ್ನ ಆಸನವನ್ನು ಹಳಿಯ ರಂಧ್ರದಲ್ಲಿ ಹಿಡಿದಿಡುವ ಪಿನ್ನು ಕಳಚಿ, ಆಸನವು ಹಳಿಯ ಮೇಲೆ ಸರ್ರನೆ ಹಿಂದಕ್ಕೆ ಜಾರಿತು. ನಾನು ಕುಳ್ಳಗಿರುವವಳು, ಆಸನವನ್ನು ಬಹಳ ಮುಂದಕ್ಕೆ ಎಳೆದುಕೊಂಡೇ ಕೂರಬೇಕು. ಜಾರಿದೊಡನೆ ಎರಡೂ ಕಾಲುಗಳು ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್‌ಗಳಿಂದ ತಪ್ಪಿದವು, ಹಿಡಿದಿದ್ದ ಯೋಕ್ ನನ್ನ ಮೈಭಾರಕ್ಕೆ ಹಿಂದೆ ಬಂತು, ಮೂತಿ ಒಮ್ಮೆಲೇ ಮೇಲೆದ್ದಿತು. ಪೂರ್ಣ ಶಕ್ತಿಯಲ್ಲಿ ಮೂತಿ ಎತ್ತಿದಾಗ ವಿಮಾನ ಎಡಕ್ಕೆ ಎಳೆಯುತ್ತದೆ, ಬಲ ರಡ್ಡರ್ ಒತ್ತಿ ತಡೆಯಬೇಕೆಂದು ನೀವೇ ಕಲಿಸಿದ್ದೀರಿ. ಪೆಡಲಿಗೆ ಕಾಲೇ ಎಟುಕದವಳು ಏನನ್ನು ಒತ್ತಬೇಕಿತ್ತು? ಬೋಧಕರು ಯೋಕನ್ನು ಮುಂದಕ್ಕೆ ತಳ್ಳಿ ಥ್ರಾಟಲ್ ಮುಚ್ಚಿದ್ದರಿಂದ ಇಬ್ಬರೂ ಉಳಿದೆವು. ಅವರಿಗೆ ನಾನು ಸದಾ ಋಣಿ. ಆದರೆ ಅವರು ಕಣ್ಣಾರೆ ಕಂಡದ್ದೂ ವರದಿಯಲ್ಲಿ ಇಲ್ಲದಿರುವುದು ನನಗೆ ಬಹಳ ನೋವು ತಂದಿದೆ.

ಆ ಆಸನ ಸಡಿಲವಾಗಿದೆಯೆಂದು ಎರಡು ವಾರ ಮೊದಲೇ ನಿಮ್ಮ ನಿರ್ವಹಣಾ ವಿಭಾಗಕ್ಕೆ ತಿಳಿಸಿದ್ದೆ. ಚೆಕ್‌ಲಿಸ್ಟಿನಂತೆ ಆಸನವನ್ನು ಅಲ್ಲಾಡಿಸಿ ನೋಡಿಯೇ ಎಂಜಿನ್ ಚಾಲೂ ಮಾಡಿದ್ದೆ. ಆದರೆ ಸವೆದ ರಂಧ್ರದಲ್ಲಿ ಪಿನ್ನು ಕೂತಂತೆ ಕಂಡರೂ ವೇಗ ಏರುವಾಗಿನ ಎಳೆತಕ್ಕೆ ಅದು ಹೊರಬರಬಹುದು. ಸೆಸ್ನಾ ವಿಮಾನಗಳ ಈ ತೊಂದರೆ ಹೊಸದಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯು 1987ರಲ್ಲೇ ಈ ಬಗ್ಗೆ ಕಡ್ಡಾಯ ಆದೇಶ ಹೊರಡಿಸಿ, 2011ರಲ್ಲಿ ಅದನ್ನು ಪರಿಷ್ಕರಿಸಿ, ಪ್ರತಿ 100 ಗಂಟೆಗಳ ಹಾರಾಟಕ್ಕೆ ಅಥವಾ 12 ತಿಂಗಳಿಗೊಮ್ಮೆ ಹಳಿ, ರಂಧ್ರ ಮತ್ತು ಪಿನ್ನುಗಳನ್ನು ಪರೀಕ್ಷಿಸಬೇಕೆಂದಿದೆ. ಈ ವಿಮಾನದಲ್ಲಿ ಆ ಪರೀಕ್ಷೆ ಕೊನೆಯ ಬಾರಿ ನಡೆದದ್ದು ಯಾವಾಗ?

ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದ ಕುಟುಂಬ ನಮ್ಮದು. ಇಲ್ಲಿ ಕಟ್ಟಿದ ಮನೆಯನ್ನು ಅಡವಿಟ್ಟು ಅಪ್ಪಾಜಿ ನಿಮ್ಮ ಶುಲ್ಕ ತುಂಬಿದ್ದಾರೆ. ಈಗ ನನ್ನ ‘ತಪ್ಪು’ ತಿದ್ದಲೆಂದು ಇನ್ನೂ ಐದು ಗಂಟೆಗಳ ಹಾರಾಟದ ಹಣ ಕೇಳಿರುವುದು ನ್ಯಾಯವಲ್ಲ.

ಆದ್ದರಿಂದ ಆ ಬೇಡಿಕೆಯನ್ನು ಕೈಬಿಟ್ಟು, ಬೋಧಕರ ಲಿಖಿತ ಹೇಳಿಕೆ ಪಡೆದು ನನ್ನ ದಾಖಲೆಯನ್ನು ತಿದ್ದಬೇಕು, ಆಸನ ಪರೀಕ್ಷೆಯ ದಾಖಲೆಗಳ ಪ್ರತಿಯನ್ನು 15 ದಿನಗಳೊಳಗೆ ಕೊಡಬೇಕು ಎಂದು ಕೋರುತ್ತೇನೆ. ತಪ್ಪಿದಲ್ಲಿ ಈ ದೂರನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಸಲ್ಲಿಸುತ್ತೇನೆ. ಒಂದು ಕೆಲಸಕ್ಕೆ ಮಾತ್ರ 15 ದಿನ ಕಾಯುವಂತಿಲ್ಲ: ನನ್ನ ಬ್ಯಾಚಿನ ಇಬ್ಬರು ಮುಂದಿನ ವಾರ ಅದೇ ವಿಮಾನದಲ್ಲಿ ಮೊದಲ ಸೋಲೋ ಹಾರಾಟಕ್ಕೆ ಹೊರಡಲಿದ್ದಾರೆ, ಪಕ್ಕದಲ್ಲಿ ಯೋಕ್ ತಳ್ಳುವವರು ಯಾರೂ ಇರುವುದಿಲ್ಲ. ಹಳಿ ಬದಲಾಗುವವರೆಗೆ ದಯವಿಟ್ಟು ಅದನ್ನು ಹ್ಯಾಂಗರಿನಿಂದ ಹೊರತೆಗೆಯಬೇಡಿ.

ಇಂತಿ ತಮ್ಮ ವಿಶ್ವಾಸಿ,
ತರಬೇತಿ ವಿದ್ಯಾರ್ಥಿನಿ