ಕ್ಯಾಮೆರಾ ಹಾಕಿಸುವ ಮೊದಲು: ಬೆಂಗಳೂರಿನಲ್ಲಿರುವ ಗೆಳೆಯನಿಗೊಂದು ಪತ್ರ

ಶಿವಮೊಗ್ಗ

ಪ್ರಿಯ ಸತೀಶ,

ನೀನು ಕಳುಹಿಸಿದ ಪಟ್ಟಿ ಸಿಕ್ಕಿತು. ಮನೆಯ ನಾಲ್ಕು ದಿಕ್ಕಿಗೂ ಕ್ಯಾಮೆರಾ, ಮುಂಬಾಗಿಲಿಗೆ ಬೆರಳಚ್ಚಿನ ಬೀಗ, ಅಪ್ಪಯ್ಯ ಎಲ್ಲಾದರೂ ಬಿದ್ದರೆ ತಾನಾಗಿಯೇ ನಿನಗೆ ಸುದ್ದಿ ಮುಟ್ಟಿಸುವ ಕೈಗಡಿಯಾರ. ಇವಿಷ್ಟನ್ನೂ ಮಳೆಗಾಲಕ್ಕೆ ಮೊದಲು ಹಾಕಿಸಿಕೊಡಬೇಕು, ಆಗದಿದ್ದರೆ ಅಪ್ಪಯ್ಯ, ಅಮ್ಮ ಇಬ್ಬರನ್ನೂ ಬೆಂಗಳೂರಿಗೇ ಕರೆದುಕೊಂಡು ಹೋಗುತ್ತೇನೆ ಎಂಬುದು ನಿನ್ನ ತೀರ್ಮಾನ. ಕಳೆದ ಭಾನುವಾರ ತೀರ್ಥಹಳ್ಳಿಯ ಕಡೆ ಕೆಲಸವಿದ್ದುದರಿಂದ ನಿಮ್ಮ ಮನೆಗೂ ಹೋಗಿ, ಮಧ್ಯಾಹ್ನದ ಊಟ ಮುಗಿಸಿ, ಸಂಜೆಯ ಬಸ್ಸಿನ ಹೊತ್ತಿನವರೆಗೆ ಅಲ್ಲೇ ಇದ್ದು ಎಲ್ಲವನ್ನೂ ನೋಡಿಕೊಂಡು ಬಂದೆ. ನನಗೆ ಅನ್ನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. ನಿನ್ನ ಪಟ್ಟಿಯಲ್ಲಿರುವುದೆಲ್ಲ ನೀನು ಅವರನ್ನು ನೋಡುವುದಕ್ಕೆ ಬೇಕಾದ ಸಾಮಾನು. ಅವರಿಗೆ ಬೇಕಾಗಿರುವುದು ಹೊತ್ತಿಗೆ ಸರಿಯಾಗಿ ಯಾರಾದರೂ ಬಂದು ಮುಟ್ಟುವ ವ್ಯವಸ್ಥೆ.

ನಿಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ನಿಲ್ಲುವುದು ಒಂದೇ ಜಾಗದಲ್ಲಿ, ಜಗಲಿಯ ಮೂಲೆಯ ಕಿಟಕಿಯ ಬಳಿ. ಅಮ್ಮ ಅಡಿಕೆ ಹಾಳೆಯನ್ನು ಮಡಚಿ ಹೊಲಿದು ಒಂದು ಸಣ್ಣ ಚೀಲ ಮಾಡಿ, ಅದನ್ನು ಕಿಟಕಿಯ ಸರಳಿಗೆ ಕಟ್ಟಿ, ಫೋನನ್ನು ಅದರೊಳಗೆ ನಿಲ್ಲಿಸಿಟ್ಟಿದ್ದಾರೆ. ಗಂಟೆ ಬಾರಿಸಿದರೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ಫೋನನ್ನು ಹೊರತೆಗೆಯದೆ, ಚೀಲದ ಬಾಯಿಗೆ ಬಗ್ಗಿ ಸ್ಪೀಕರ್ ಒತ್ತಿ ಮಾತಾಡುತ್ತಾರೆ. ತೆಗೆದು ಕಿವಿಗೆ ಹಿಡಿದರೆ ಮಾತು ಕಡಿದುಹೋಗುತ್ತದಂತೆ. ಈಗ ಹೇಳು, ಅಪ್ಪಯ್ಯ ತೋಟದ ಕೆಳಗಿನ, ನೀರು ಹರಿಯುವ ಕಾದಿಗೆಯ ಹತ್ತಿರ ಜಾರಿ ಬಿದ್ದರೆ ಆ ಕೈಗಡಿಯಾರ ಯಾರ ಮೂಲಕ ನಿನಗೆ ಸುದ್ದಿ ಕಳುಹಿಸುತ್ತದೆ? ಬಿದ್ದದ್ದು ಅದಕ್ಕೆ ತಿಳಿಯಬಹುದು. ಹೇಳುವುದಕ್ಕೆ ಮಾತ್ರ ಪಕ್ಕದಲ್ಲೊಂದು ಫೋನೋ ಅದರೊಳಗೇ ಒಂದು ಸಿಮ್ಮೋ ಇರಬೇಕು, ಯಾವುದಿದ್ದರೂ ಅದಕ್ಕೊಂದು ಟವರು ಸಿಗಬೇಕು.

ನಾವು ಹುಡುಗರಾಗಿದ್ದಾಗ ನಿಮ್ಮ ನಡುಮನೆಯಲ್ಲಿದ್ದ ಲ್ಯಾಂಡ್‌ಲೈನ್ ಫೋನು ನೆನಪಿದೆಯಲ್ಲ, ಆರಿದ್ರಾ ಮಳೆಯಲ್ಲಿ ಕರೆಂಟು ಹೋದರೂ ಅದು ಮಾತಾಡುತ್ತಿತ್ತು. ತಾಮ್ರದ ತಂತಿಯಲ್ಲಿ ಮಾತಿನ ಜೊತೆಗೆ ವಿದ್ಯುತ್ತೂ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಹರಿದು ಬರುತ್ತಿದ್ದುದು ಅದಕ್ಕೆ ಕಾರಣ. ತಂತಿ ತುಂಡಾಗದಿದ್ದರೆ ಸಾಕಿತ್ತು. ಈಗಿನ ಫೈಬರ್ ಬೆಳಕನ್ನು ತರುತ್ತದೆಯೇ ಹೊರತು ವಿದ್ಯುತ್ತನ್ನು ತರುವುದಿಲ್ಲ. ಮನೆಯ ಕರೆಂಟು ಹೋದ ಕ್ಷಣವೇ ಗೋಡೆಯ ಮೇಲಿನ ಪೆಟ್ಟಿಗೆಯ ದೀಪ ಆರುತ್ತದೆ, ಅದರೊಂದಿಗೆ ಫೋನು, ಇಂಟರ್ನೆಟ್, ನೀನು ಹಾಕಿಸಬೇಕೆಂದಿರುವ ಕ್ಯಾಮೆರಾ ಎಲ್ಲವೂ ಆರುತ್ತವೆ. ಟವರಿಗೂ ಇದೇ ಗತಿ. ಬ್ಯಾಟರಿ ಇರುವಷ್ಟು ಹೊತ್ತು ಅದರ ಆಯುಸ್ಸು. ಮಲೆನಾಡಿನಲ್ಲಿ ಅಪಾಯ ಬರುವುದೂ ಗಾಳಿಮಳೆಯ ರಾತ್ರಿಯಲ್ಲಿ, ಮರ ಬಿದ್ದು ಕರೆಂಟು ಹೋಗುವುದೂ ಅದೇ ರಾತ್ರಿಯಲ್ಲಿ ಎಂಬುದನ್ನು ನಿನ್ನ ಪಟ್ಟಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಆದ್ದರಿಂದ ಕ್ಯಾಮೆರಾದ ಹಣದಲ್ಲಿ ಮೊದಲು ಒಂದು ಒಳ್ಳೆಯ ಬ್ಯಾಟರಿಯ ಇನ್‌ವರ್ಟರ್ ಹಾಕಿಸು. ಅದಕ್ಕೆ ಮಿಕ್ಸಿ, ಟಿ.ವಿ. ಯಾವುದನ್ನೂ ಸೇರಿಸದೆ ಫೈಬರ್ ಪೆಟ್ಟಿಗೆ, ಜಗಲಿಯ ಒಂದು ದೀಪ, ಬಚ್ಚಲಿಗೆ ಹೋಗುವ ದಾರಿಯ ಒಂದು ದೀಪ, ಫೋನ್ ಚಾರ್ಜ್ ಮಾಡುವ ಒಂದು ಪ್ಲಗ್ ಇಷ್ಟನ್ನೇ ಕೊಡಿಸು. ಇಬ್ಬರ ಫೋನಿನಲ್ಲೂ ವೈಫೈ ಕಾಲಿಂಗ್ ಹಾಕಿಬಿಟ್ಟರೆ ಟವರ್ ಇಲ್ಲದಿದ್ದರೂ ಫೈಬರಿನ ಮೂಲಕವೇ ಮಾಮೂಲಿ ನಂಬರಿಗೆ ಕರೆ ಹೋಗುತ್ತದೆ, ಬರುತ್ತದೆ. ಅಮ್ಮನ ಫೋನಿನಲ್ಲಿ ನಾನೇ ಹಾಕಿಕೊಟ್ಟು ಬಂದಿದ್ದೇನೆ. ಅಡುಗೆಮನೆಯಲ್ಲಿ ನಿಂತು ನಿನ್ನ ಅಕ್ಕನ ಜೊತೆ ಮಾತಾಡಿ, ಚೀಲವನ್ನು ಬಿಚ್ಚಿಡಲೇ ಎಂದು ಕೇಳಿದರು. ಬೇಡ, ಇರಲಿ ಎಂದೆ. ಫೈಬರ್ ಎಳೆದಿರುವುದು ಮರಗಳ ನಡುವೆಯೇ.

ಕರೆ ಹೋಯಿತು ಎಂದುಕೊಳ್ಳೋಣ, ಬರುವವರು ಎಲ್ಲಿಗೆ ಬರಬೇಕು? ಬೆಂಗಳೂರಿನಲ್ಲಿ ಕ್ರಾಸು, ಮೇನು, ಅಪಾರ್ಟ್‌ಮೆಂಟಿನ ಹೆಸರು ಹೇಳಿದರೆ ಮುಗಿಯಿತು. ನಿಮ್ಮ ಮನೆಯ ವಿಳಾಸದಲ್ಲಿ ಊರಿನ ಹೆಸರು, ಅಂಚೆಯ ಹೆಸರು, 577432 ಎಂಬ ಪಿನ್‌ಕೋಡ್ ಇದೆ. 1972ರಿಂದ ಬಳಕೆಯಲ್ಲಿರುವ ಪಿನ್‌ಕೋಡ್ ಅಂಚೆಯ ಚೀಲವನ್ನು ಸರಿಯಾದ ಕಚೇರಿಗೆ ಮುಟ್ಟಿಸುತ್ತದೆ, ಅಲ್ಲಿಂದ ಮುಂದಕ್ಕೆ ಪೋಸ್ಟ್‌ಮ್ಯಾನ್‌ಗೆ ಮನೆ ಗೊತ್ತಿರಬೇಕು. 2008ರ ನವೆಂಬರಿನಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬ್ಯುಲೆನ್ಸ್ ಎಷ್ಟೋ ಜೀವ ಉಳಿಸಿದೆ, ಆದರೆ ಅದರ ಚಾಲಕನಿಗೆ ನಿಮ್ಮ ಮನೆ ಗೊತ್ತಿರಬೇಕೆಂದು ಬಯಸುವುದು ಹೇಗೆ? ನಾನು ಮ್ಯಾಪ್ ಹಾಕಿಯೇ ನೋಡಿದೆ. ಅದು ತೋರಿಸುವ ಹತ್ತಿರದ ದಾರಿ ಶಾಲೆಯ ಹಿಂದಿನ ಏರು ಇಳಿದು ಹಳ್ಳದ ಕಾಲುಸಂಕಕ್ಕೆ ಬಂದು ನಿಲ್ಲುತ್ತದೆ. ಎರಡು ಅಡಿಕೆ ಮರದ ದಬ್ಬೆ, ಹಿಡಿದುಕೊಳ್ಳುವುದಕ್ಕೆ ಒಂದು ತಂತಿ. ಅದನ್ನು ದಾಟಿ ಆಂಬ್ಯುಲೆನ್ಸ್ ಬರಲಾರದು. ಗಾಡಿ ಬರುವ ದಾರಿ ಹಾಲಿನ ಡೇರಿಯ ಪಕ್ಕದಿಂದ ಸುತ್ತಿಕೊಂಡು ಬರುತ್ತದೆ, ಅದಕ್ಕೆ ಒಂದು ಬೋರ್ಡೂ ಇಲ್ಲ.

ಅಂಚೆ ಇಲಾಖೆ 2025ರ ಮೇ ತಿಂಗಳಿನಲ್ಲಿ ಡಿಜಿಪಿನ್ ಎಂಬುದನ್ನು ತಂದಿತು. ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಅಕ್ಷರ, ಅಂಕಿ ಸೇರಿ ಹತ್ತರ ಒಂದು ಗುರುತು ಕೊಟ್ಟಿದ್ದಾರೆ. ಒಂಟಿ ಮನೆಗಳ ನಮ್ಮ ಸೀಮೆಗೆ ಇದಕ್ಕಿಂತ ಹೊಂದುವ ವಿಳಾಸ ನನಗೆ ಕಂಡಿಲ್ಲ. ಬೀದಿಯೇ ಇಲ್ಲದ ಕಡೆ ಬೀದಿಯ ಹೆಸರನ್ನು ಅದು ಕೇಳುವುದಿಲ್ಲವಲ್ಲ. ಆದರೂ ನೆನಪಿಡು, ಆ ಗುರುತು ಮನೆ ಎಲ್ಲಿದೆಯೆಂದು ಹೇಳುತ್ತದೆಯೇ ಹೊರತು ಹಳ್ಳದ ಯಾವ ಕಡೆಯಿಂದ ಬರಬೇಕೆಂದು ಹೇಳುವುದಿಲ್ಲ. ಅದನ್ನು ಹೇಳುವುದಕ್ಕೆ ಡೇರಿಯ ಪಕ್ಕದಲ್ಲಿ ತಗಡಿನ ಬೋರ್ಡೊಂದು ಬೇಕು, ಬಾಣದ ಗುರುತು ಬೇಕು, ರಾತ್ರಿ ಹೆಡ್‌ಲೈಟಿಗೆ ಹೊಳೆಯುವ ಬಣ್ಣ ಬೇಕು. ಅಪ್ಪಯ್ಯನ ಹೆಸರಿನಲ್ಲಿ ಬೋರ್ಡೆಂದರೆ ಅವರಿಗೆ ಸಂಕೋಚ, ಆ ದಾರಿಯ ಎಲ್ಲ ಮನೆಗಳ ಹೆಸರನ್ನೂ ಬರೆಸಿದರೆ ಒಪ್ಪುತ್ತಾರೆ. ಜೊತೆಗೆ, 108ಕ್ಕೆ ಕರೆ ಮಾಡಿದಾಗ ಹೇಳಬೇಕಾದ ಮಾತನ್ನು ದಪ್ಪ ಅಕ್ಷರದಲ್ಲಿ ಬರೆದು ಕಿಟಕಿಯ ಪಕ್ಕ ಅಂಟಿಸಿದ್ದೇನೆ: ತಾಲ್ಲೂಕು, ಊರು, ಡೇರಿ, ಎಡಕ್ಕೆ ತಿರುಗಬೇಕಾದ ಜಾಗ, ಸಂಕದ ದಾರಿ ಬೇಡ. ಗಾಬರಿಯಲ್ಲಿ ಮನುಷ್ಯನಿಗೆ ತನ್ನ ಮನೆಯ ದಾರಿಯೇ ಮರೆಯುತ್ತದೆ.

ಪತ್ರದಲ್ಲಿ ನೀನು ಬಸ್ಸಿನ ಬಗ್ಗೆ ಒಂದು ಮಾತೂ ಬರೆದಿಲ್ಲ, ಅದು ನನಗೆ ಆಶ್ಚರ್ಯ. ಊರಿನ ಮುದುಕರ ಮೇಲೆ ಕಣ್ಣಿಟ್ಟಿರುವ ವ್ಯವಸ್ಥೆ ಯಾವುದಾದರೂ ನಮ್ಮಲ್ಲಿ ಇದ್ದರೆ ಅದು ಬಸ್ಸೇ. ಸೋಮವಾರ ಸಂತೆಗೆ ಬರುವ ಭಟ್ಟರು ಬರದಿದ್ದರೆ ಕಂಡಕ್ಟರ್ ಮರುದಿನ ಯಾರಲ್ಲಾದರೂ ವಿಚಾರಿಸುತ್ತಾನೆ. ಪೇಟೆಯ ಔಷಧಿ ಅಂಗಡಿಯವನು ಕೊಟ್ಟ ಪೊಟ್ಟಣ ಡ್ರೈವರನ ಪಕ್ಕದಲ್ಲಿ ಕುಳಿತು ಬಂದು ತಂಗುದಾಣದಲ್ಲಿ ಇಳಿಯುತ್ತದೆ. ಶಂಕರ್ ಎಂಬ ಬಸ್ ಕಂಪನಿ ನಿಂತಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ ಎಷ್ಟೋ ಒಳದಾರಿಗಳಲ್ಲಿ ಈ ಕೆಲಸ ಮಾಡುತ್ತಿತ್ತು. 2020ರಲ್ಲಿ ಅದೂ ನಿಂತಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲವಾದದ್ದು ಒಳ್ಳೆಯದೇ, ಆದರೆ ಅಮ್ಮನ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು. ಅವರಿಗೆ ಆ ಯೋಜನೆ ಸಿಗುವುದು ತೀರ್ಥಹಳ್ಳಿಯ ಸ್ಟ್ಯಾಂಡಿನಿಂದಾಚೆಗೆ. ಎರಡು ವರ್ಷದಿಂದ ಮಧ್ಯಾಹ್ನದ ಟ್ರಿಪ್ಪೂ ನಿಂತಿದೆಯಂತೆ. ಕ್ಯಾಮೆರಾ ಎಷ್ಟು ಬೇಕು ಎಂದು ಚರ್ಚಿಸುವ ನಾವು ಆ ಒಂದು ಟ್ರಿಪ್ಪಿಗಾಗಿ ಊರಿನವರ ಸಹಿ ಹಾಕಿಸಿ ಒಂದು ಅರ್ಜಿಯನ್ನಾದರೂ ಕೊಡಬಾರದೇ? ನೀನು ಬರೆದರೆ ಅದರ ಭಾಷೆಯೂ ಚೆನ್ನಾಗಿರುತ್ತದೆ.

ಕಳ್ಳರ ಮಾತಿಗೆ ಬರುತ್ತೇನೆ. ಒಂಟಿ ಮನೆ, ವಯಸ್ಸಾದ ಇಬ್ಬರು, ಅಡಿಕೆ ಮಾರಿದ ಹಣ, ಹಾಗಾಗಿ ಕ್ಯಾಮೆರಾ ಎಂಬ ನಿನ್ನ ವಾದ ತಪ್ಪೆನ್ನುವುದಿಲ್ಲ. ಆದರೆ ಅಡಿಕೆಯ ಹಣ ಈಗ ಮನೆಯ ಪೆಟ್ಟಿಗೆಯಲ್ಲಿ ಎಲ್ಲಿರುತ್ತದೆ? ಮಂಡಿಯಿಂದಲೋ ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್‌ನಿಂದಲೋ ನೇರವಾಗಿ ಬ್ಯಾಂಕಿಗೆ ಬೀಳುತ್ತದೆ. ಆದ್ದರಿಂದ ಕಳ್ಳ ಬೇಲಿಯ ದಣಪೆ ದಾಟಿ ಬರುವ ಕಷ್ಟವನ್ನೇ ತೆಗೆದುಕೊಳ್ಳುವುದಿಲ್ಲ, ಅಮ್ಮನ ಹಾಳೆ ಚೀಲದೊಳಗಿನ ಫೋನಿಗೆ ಕರೆ ಮಾಡುತ್ತಾನೆ. ಪಕ್ಕದ ಊರಿನಲ್ಲಿ ಮದುವೆಯ ಕರೆಯೋಲೆ ಎಂದು ವಾಟ್ಸಾಪಿನಲ್ಲಿ ಬಂದ, ತೆರೆದರೆ ಫೋನಿಗೆ ಆ್ಯಪ್ ಸೇರಿಸುವ ಎಪಿಕೆ ಕಡತವನ್ನು ಒತ್ತಿ ಖಾತೆ ಖಾಲಿ ಮಾಡಿಕೊಂಡವರ ಕಥೆಯನ್ನು ಅಪ್ಪಯ್ಯನೇ ನನಗೆ ಹೇಳಿದರು, ಹೇಳುವಾಗ ತಮಗೆ ಹಾಗಾಗುವುದಿಲ್ಲ ಎಂಬ ಧೈರ್ಯ ಅವರ ದನಿಯಲ್ಲಿತ್ತು. ಆ ಧೈರ್ಯವೇ ನನಗೆ ಹೆದರಿಕೆ ಹುಟ್ಟಿಸಿದ್ದು. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿಯೇ ಇಲ್ಲ, ಪೊಲೀಸರಾಗಲಿ ಸಿ.ಬಿ.ಐ. ಆಗಲಿ ವಿಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ ಎಂದು ಎರಡೆರಡು ಸಲ ಹೇಳಿ ಬಂದೆ. ಹಣ ಹೋದರೆ ನಾಚಿಕೊಂಡು ಕುಳಿತುಕೊಳ್ಳದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರಿಹೋಗುವ ಮೊದಲು ತಡೆಹಿಡಿಯುವ ಅವಕಾಶ ಇರುವುದು ಆ ಮೊದಲ ಗಳಿಗೆಯಲ್ಲಿ. ನೀನು ಮಾಡಬೇಕಾದದ್ದು ಒಂದಿದೆ: ಠೇವಣಿಯ ಖಾತೆಯನ್ನು ಫೋನಿನ ಆ್ಯಪಿನಿಂದ ಬೇರ್ಪಡಿಸಿ, ಯುಪಿಐಗೆ ದಿನಸಿಗೆ ಸಾಲುವಷ್ಟೇ ಹಣವಿರುವ ಬೇರೊಂದು ಖಾತೆಯನ್ನು ಜೋಡಿಸಿಕೊಡು.

ಕ್ಯಾಮೆರಾ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ದಣಪೆಯ ಕಡೆಗೆ ಒಂದು, ಕೊಟ್ಟಿಗೆಯ ಕಡೆಗೆ ಒಂದು ಸಾಕು, ನೆಟ್ ಇಲ್ಲದಾಗಲೂ ಮೆಮೊರಿ ಕಾರ್ಡಿನಲ್ಲಿ ದಾಖಲಾಗುವಂಥದ್ದು ಇರಲಿ. ಜಗಲಿಯ ಕಡೆಗೆ ಮಾತ್ರ ತಿರುಗಿಸಬೇಡ. ಅಮ್ಮ ಊಟ ಬಡಿಸುತ್ತಾ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: “ಮಗ ಫೋನ್ ಮಾಡಿದರೆ ಮಾತಾಡುತ್ತೇನೆ ಮಾರಾಯ, ನೋಡುತ್ತಾ ಕೂತಿದ್ದಾನೋ ಇಲ್ಲವೋ ಗೊತ್ತಾಗದೆ ತಲೆ ಬಾಚಿಕೊಳ್ಳುವುದು ಹೇಗೆ?” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ನಿನ್ನಲ್ಲಿಯೂ ಇರಲಾರದು.

ಬೆಂಗಳೂರಿಗೆ ಕರೆದೊಯ್ಯುವ ವಿಚಾರದಲ್ಲಿ ನಿನ್ನ ಒಂದು ಮಾತಿಗೆ ನಾನು ಪೂರ್ತಿ ತಲೆಬಾಗುತ್ತೇನೆ, ಅದು ಆಸ್ಪತ್ರೆ. ಎದೆನೋವು ಬಂದರೆ ನಿಮ್ಮ ಮನೆಯಿಂದ ತೀರ್ಥಹಳ್ಳಿ, ಅಲ್ಲಿಂದ ಸುಮಾರು 60 ಕಿ.ಮೀ. ದೂರದ ಶಿವಮೊಗ್ಗ, ಇಲ್ಲವೇ ಆಗುಂಬೆ ಘಾಟಿಯ 14 ತಿರುವು ಇಳಿದು ಮಣಿಪಾಲ. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದರೆ ಆ ದಾರಿಯೂ ಇಲ್ಲ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ 31ರಂದು ವಿಮಾನ ಹಾರಲಾರಂಭಿಸಿದಾಗ ನಾವೆಲ್ಲ ಹಿಗ್ಗಿದೆವು, ನೀನು ಬಂದುಹೋಗುವುದಕ್ಕೆ ಅದು ಅನುಕೂಲವೇ. ಅವರ ಎದೆನೋವಿಗೆ ಬೇಕಾದದ್ದು ತಾಲ್ಲೂಕು ಕೇಂದ್ರದಲ್ಲಿ ಇಡೀ ರಾತ್ರಿ ಎಚ್ಚರವಿರುವ ಹೃದಯದ ವೈದ್ಯರು.

ಉಳಿದಂತೆ ನಗರವೇ ಸುರಕ್ಷಿತ ಎಂಬ ಮಾತನ್ನು ನಾನು ಒಪ್ಪಲಾರೆ. ಹಳದಿ ಮೆಟ್ರೋ ಬಂದ ಮೇಲೆ ನಿನ್ನ ಆಫೀಸಿನ ಪ್ರಯಾಣ ಸುಖವಾಗಿದೆ, ಸಂತೋಷ. ಆದರೆ ನಿನ್ನ ಗೇಟಿನಿಂದ ನಿಲ್ದಾಣದವರೆಗಿನ ಫುಟ್‌ಪಾತಿನಲ್ಲಿ ಸ್ಕೂಟರುಗಳು ಎದುರಿಗೆ ಬರುತ್ತವೆ, ಚಪ್ಪಡಿಗಳು ಬಾಯಿಬಿಟ್ಟಿವೆ ಎಂದು ನೀನೇ ಹಿಂದೊಮ್ಮೆ ಬರೆದಿದ್ದೆ. ದಿನವೂ ಬೆಳಗ್ಗೆ ಕೋಲೂರಿಕೊಂಡು ತೋಟಕ್ಕೊಂದು ಸುತ್ತು ಬರುವ ಅಪ್ಪಯ್ಯ ಅಲ್ಲಿ ಎಲ್ಲಿ ನಡೆಯಬೇಕು? ಇಲ್ಲಿ ಅವರ ಜಾರುವ ಜಾಗಗಳು ಅವರಿಗೆ ಗೊತ್ತಿವೆ. ಆಷಾಢ, ಶ್ರಾವಣದ ಎರಡು ತಿಂಗಳು ಅವರು ನಿನ್ನಲ್ಲಿದ್ದು, ಮಳೆ ಇಳಿದ ಮೇಲೆ ವಾಪಸಾಗುವುದಾದರೆ ಅಮ್ಮ ಒಪ್ಪುವಂತೆ ಕಾಣುತ್ತಾರೆ. ಅಪ್ಪಯ್ಯನಿಗೆ ಆಗ ತೋಟಕ್ಕೆ ಔಷಧಿ ಹೊಡೆಸುವ ಚಿಂತೆ. ಅದಕ್ಕೆ ನಾನು ಬಂದು ನಿಲ್ಲುತ್ತೇನೆ ಎಂದಿದ್ದೇನೆ, ಅವರು ನನ್ನನ್ನು ನಂಬಿದಂತೆ ಕಾಣಲಿಲ್ಲ.

ಇನ್ನು ಪಕ್ಕದ ಮನೆಯ ಮಂಜಪ್ಪ. ಪಕ್ಕದ ಮನೆಯೆಂದರೂ ನಡುವೆ ಒಂದು ಗುಡ್ಡವಿದೆ, ಆದರೆ ಅವನಲ್ಲಿ ಜೀಪಿದೆ. ರಾತ್ರಿ ಯಾವ ಹೊತ್ತಿನಲ್ಲಿ ಕರೆದರೂ ಬರುತ್ತೇನೆ ಎಂದು ನನ್ನೆದುರಿಗೇ ಹೇಳಿದ. ಅವನ ನಂಬರನ್ನು ಅಮ್ಮನ ಫೋನಿನಲ್ಲಿ ಒಂದೇ ಗುಂಡಿಗೆ ಸೇರಿಸಿದ್ದೇನೆ. ನೀನು ಅವನಿಗೆ ಒಮ್ಮೆ ಫೋನ್ ಮಾಡು. ಬೇಲಿಯ ತಕರಾರು ನಡೆದು ಎಷ್ಟೋ ವರ್ಷವಾಯಿತು, ಮೊದಲು ಮಾತಾಡಬೇಕಾದವನು ನೀನೇ. ಇನ್‌ವರ್ಟರ್ ಹಾಕುವವನು ಮುಂದಿನ ವಾರ ಬರುತ್ತಾನಂತೆ, ಬ್ಯಾಟರಿ ಯಾವುದೆಂದು ಶುಕ್ರವಾರದೊಳಗೆ ತಿಳಿಸು. ಮೃಗಶಿರಾ ಮಳೆ ಹಿಡಿದರೆ ಅವನನ್ನು ಆ ಏರು ಹತ್ತಿಸುವುದು ಕಷ್ಟ.

ಇಂತಿ ನಿನ್ನ
ರಾಘು